ತೆರೆಯ ಪಾಠದ ಗುರುಪಾದಪ್ಪ ಮಾಸ್ತರು

ಮೇಜಿನ ಮೇಲೆ ಅಂಗೈ ಊರದೆ ಗುರುಪಾದಪ್ಪ ಮಾಸ್ತರು ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ನೀವು ಏನೋ ಹೇಳಲು ಬಾಯಿ ತೆರೆದಿರಿ ಎನ್ನಿ, ಮೊದಲು ಅವರ ಬಲಗೈ ಹೋಗಿ ಮೇಜಿನ ಮೇಲೆ ಕೂಡುತ್ತಿತ್ತು. ಮೇಜಿಲ್ಲದ ಕಡೆ ಬಾಗಿಲ ಚೌಕಟ್ಟೋ, ಬಂಡಿಯ ಅಡ್ಡಪಟ್ಟಿಯೋ, ಏನಾದರೊಂದು ಕಟ್ಟಿಗೆ ಬೇಕು. ಕಣ್ಣು ಮಾತ್ರ ನಿಮ್ಮ ತುಟಿ ಬಿಟ್ಟು ಕದಲುತ್ತಿರಲಿಲ್ಲ. ಹೊಸಬರು ಇದನ್ನು ಗತ್ತು ಎಂದುಕೊಳ್ಳುತ್ತಿದ್ದರು. ನಾನೂ ಮೊದಲ ಕೆಲವು ತಿಂಗಳು ಹಾಗೇ ತಿಳಿದು, ಈ ಕಮಲಾಪುರದ ಮನುಷ್ಯನಿಗೆ ಎಷ್ಟು ಸೊಕ್ಕು ಎಂದು ಒಳಗೊಳಗೇ ಬೈದುಕೊಂಡಿದ್ದೇನೆ.

ಅದು ನಿಜಾಮ ಸರಕಾರದ ಕಾಲ. ಕಲಬುರಗಿಯ ಸರಕಾರಿ ಮದರಸಾದಲ್ಲಿ ನಾನು ಲೆಕ್ಕದ ಮಾಸ್ತರ, ಅವರು ವಿಜ್ಞಾನದ ಮಾಸ್ತರ. ಶಾಲೆಗೆ ಆಗ ಮದರಸಾ ಎಂದೇ ಹೆಸರು, ಪಾಠವೆಲ್ಲ ಉರ್ದುವಿನಲ್ಲಿ. ಹುಡುಗರು ಮನೆಯಲ್ಲಿ ಕನ್ನಡ ಆಡಿ ಬಂದು ನಮ್ಮ ಮುಂದೆ ಉರ್ದು ಕಂಠಪಾಠ ಒಪ್ಪಿಸುವರು, ನಾವು ಮನೆಯಲ್ಲಿ ಕನ್ನಡ ಆಡಿ ಬಂದು ಅದನ್ನು ಒಪ್ಪಿಸಿಕೊಳ್ಳುವೆವು. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆಯವರಿಗೆ ನಾಲಿಗೆ ಒಣಗಿ ಹೋಗಿರುತ್ತಿತ್ತು. ನನ್ನ ಕೋಣೆಗೂ ಅವರ ಕೋಣೆಗೂ ನಡುವೆ ಒಂದು ಬಿದಿರ ತಟ್ಟಿ ಮಾತ್ರ. ಬೇಸಿಗೆಯಲ್ಲಿ ಆ ತಟ್ಟಿಯ ಸಂದಿನಿಂದ ಬಿಸಿಗಾಳಿ, ದೂಳು, ಅವರ ಪಾಠ ಮೂರೂ ಒಟ್ಟಿಗೆ ಬಂದು ನನ್ನ ಮೈಮೇಲೆ ಬೀಳುತ್ತಿದ್ದವು.

ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಕರಿ ಟೊಪ್ಪಿಗೆ, ಮುಚ್ಚುಕಾಲರಿನ ಕೋಟು, ಕೋಟಿನ ತೋಳ ಮೇಲೆ ಸದಾ ಸೀಮೆಸುಣ್ಣದ ಪುಡಿ. ರಜೆ ಮುಗಿಸಿ ಊರಿಂದ ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ತರುವರು. ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ನಾವಿಬ್ಬರೂ ಕೂಡಿ ಒಂದು ಕೋಣೆ ಹಿಡಿದಿದ್ದೆವು, ಹಣ್ಣು ತೀರುವ ತನಕ ಆ ಕೋಣೆಗೆ ಬೇರೆ ವಾಸನೆಯೇ ಇರುತ್ತಿರಲಿಲ್ಲ. ನನ್ನ ಹೆಸರು ಹಿಡಿದು ಅವರು ಎಂದೂ ಕರೆದವರಲ್ಲ. "ಲೆಕ್ಕದವರ" ಎನ್ನುವರು, ಅಷ್ಟೇ.

ಅವರ ಗುಟ್ಟು ನನಗೆ ತಿಳಿದದ್ದು ಆ ಕೋಣೆಯಲ್ಲೇ. ಒಂದು ದಿನ ಅವರ ಬೆನ್ನ ಹಿಂದೆ ತಾಮ್ರದ ಕೊಡ ನನ್ನ ಕೈ ಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ಓಣಿಯ ಆ ಕಡೆಯ ಮನೆಯವರು ಏನಾಯಿತೆಂದು ಹಣಿಕಿ ಹಾಕಿದರು. ಕೊಡ ಬಿದ್ದ ಜಾಗದಿಂದ ಮಾರು ದೂರದಲ್ಲಿ ಕಟ್ಟಿಯ ಮೇಲೆ ಕೂತಿದ್ದ ಮಾಸ್ತರು ಅಂಗಿಯ ಗುಂಡಿ ಹೊಲಿಯುತ್ತಲೇ ಇದ್ದರು. ನಾನು ಎದುರಿಗೆ ಹೋಗಿ ನಿಂತೆ. ಅವರು ನನ್ನ ಮುಖ ನೋಡಿದರು, ಹಿಂದೆ ತಿರುಗಿ ಕೊಡ ನೋಡಿದರು, ಸೂಜಿ ಕೆಳಗಿಟ್ಟರು. ಕೆಲವು ವರ್ಷದ ಹಿಂದೆ ಜ್ವರ ಬಂದು ಎರಡೂ ಕಿವಿ ಸೋರಿದವಂತೆ. ಜ್ವರ ಹೋಯಿತು, ಸೋರುವುದು ನಿಂತಿತು, ಕೇಳುವುದು ಮಾತ್ರ ದಿನಕ್ಕಿಷ್ಟು ಕಡಿಮೆಯಾಗುತ್ತ ಬಂತು. ತುಟಿ ನೋಡಿ, ಮೇಜಿನ ನಡುಕ ಹಿಡಿದು ದಿನ ತಳ್ಳುತ್ತಿದ್ದರು. ಶಾಲೆಯಲ್ಲಿ ಗೊತ್ತಾದರೆ ಮರುದಿನವೇ ಮನೆಗೆ ಕಳಿಸುತ್ತಾರೆ ಎಂದರು. ಮನೆಯಲ್ಲಿ ಅಣ್ಣನ ಬಾಳೆ ತೋಟವಿತ್ತು, ಊಟಕ್ಕೆ ಕೊರತೆ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಊಟವಲ್ಲ, ತರಗತಿ. "ಕಿವಿ ಹೋದ್ರ ಹೋಗ್ಲಿ. ಪಾಠ ಒಂದು ಹೋಗಬಾರ್ದು ನೋಡ್ರಿ" ಎಂದು ಮತ್ತೆ ಸೂಜಿ ಎತ್ತಿಕೊಂಡರು. ನಾನು ಯಾರಿಗೂ ಹೇಳಲಿಲ್ಲ.

ಪಾಠ ಎಂದರೆ ಅವರಿಗೆ ಎಲ್ಲ ಪಾಠವೂ ಸರಿಯೇ, ಆದರೆ ಅಲೆಗಳ ಪಾಠ ಬಂದಾಗ ಮನುಷ್ಯ ಬೇರೆಯೇ ಆಗುತ್ತಿದ್ದರು. ನಮ್ಮ ಕಡೆ ಅಲೆಗೆ ತೆರೆ ಎನ್ನುತ್ತಾರೆ. ಸಮುದ್ರ ಕಂಡವರು ನಮ್ಮ ಶಾಲೆಯಲ್ಲಿ ಒಬ್ಬರೂ ಇರಲಿಲ್ಲ, ಮಾಸ್ತರೂ ಕಂಡವರಲ್ಲ. ಉರ್ದುವಿನಲ್ಲಿ ವ್ಯಾಖ್ಯೆ ಬರೆಯಿಸಿ, ಪುಸ್ತಕ ಮುಚ್ಚಿ, ಬಾವಿಯ ಹಗ್ಗವೊಂದನ್ನು ತಂದು ಕಿಟಕಿಯ ಸರಳಿಗೆ ಕಟ್ಟುವರು. ಹಗ್ಗದ ನಡುವೆ ಒಂದು ಬಟ್ಟೆಯ ಚೂರು. ಇನ್ನೊಂದು ತುದಿ ಹಿಡಿದು ಒಮ್ಮೆ ಝಾಡಿಸಿದರೆ ಒಂದು ಉಬ್ಬು ಓಡಿಹೋಗಿ ಕಿಟಕಿಗೆ ಹೊಡೆದು ತಲೆಕೆಳಗಾಗಿ ತಿರುಗಿ ಬರುತ್ತಿತ್ತು. ಆಮೇಲೆ ತಟ್ಟಿಯ ಸಂದಿನಿಂದ ನನಗೆ ಕನ್ನಡ ಕೇಳಿಸುತ್ತಿತ್ತು.

"ನೋಡ್ರೋ, ಬಟ್ಟಿ ಎಲ್ಲಿ ಅದ? ಇದ್ದಲ್ಲೇ ಮ್ಯಾಲ ಹೋತು, ಕೆಳಗ ಬಂತು. ಹಗ್ಗ ನನ್ನ ಕೈಯಾಗೇ ಅದ. ಮತ್ತ ಆ ಕಿಟಕಿಗೆ ಹೋಗಿ ಹೊಡೆದಿದ್ದೇನು? ನನ್ನ ಕೈಯಾಗಿನ ಶಕ್ತಿ. ತೆರಿ ಅಂದ್ರ ಅಷ್ಟೇ. ವಸ್ತು ಹೋಗಂಗಿಲ್ಲ, ಶಕ್ತಿ ಹೋಗ್ತದ."

ಹಗ್ಗವನ್ನು ಬಿಡದೆ ಅಲ್ಲಾಡಿಸುತ್ತ ಹೋದರೆ ಉಬ್ಬು, ತಗ್ಗು, ಮತ್ತೆ ಉಬ್ಬು. ಒಂದು ಉಬ್ಬಿನ ತಲೆಯಿಂದ ಮುಂದಿನ ಉಬ್ಬಿನ ತಲೆಗೆ ಎಷ್ಟು ದೂರವೋ ಅದು ತೆರೆಯ ಉದ್ದ. ಹಗ್ಗ ಸುಮ್ಮನಿದ್ದಾಗ ಎಲ್ಲಿತ್ತೋ ಅಲ್ಲಿಂದ ಉಬ್ಬಿನ ತಲೆಯವರೆಗೆ ಎಷ್ಟು ಎತ್ತರವೋ ಅದು ತೆರೆಯ ಎತ್ತರ. ಕೈ ಜೋರಾಗಿ ಬೀಸಿದರೆ ಎತ್ತರ ಹೆಚ್ಚು, ಲಗುಲಗು ಬೀಸಿದರೆ ಉಬ್ಬುಗಳು ಒತ್ತೊತ್ತಾಗಿ ಬಂದು ಉದ್ದ ಕಡಿಮೆ. ಧ್ವನಿಯಲ್ಲಾದರೆ ಎತ್ತರ ಹೆಚ್ಚಿದಷ್ಟು ಸದ್ದು ಜೋರು, ನಡುಕ ಲಗುಬಗೆಯಾದಷ್ಟು ಸ್ವರ ಕೀರಲು. ಇಷ್ಟನ್ನು ಹುಡುಗರೇ ಒಬ್ಬೊಬ್ಬರಾಗಿ ಹಗ್ಗ ಹಿಡಿದು ಮಾಡಿ ನೋಡಬೇಕು. ತೋಳು ಸೋತವನು ಕೂಡಬಹುದು, ಮಾಡದೆ ಕೂಡುವ ಹಾಗಿಲ್ಲ.

ಧ್ವನಿ ಹಗ್ಗದ ಹಾಗೆ ಏರಿಳಿಯುವುದಿಲ್ಲ ಎಂದು ತೋರಿಸಲು ಪಡಸಾಲೆಯಲ್ಲಿ ಹುಡುಗರನ್ನು ಒಬ್ಬರ ಹಿಂದೊಬ್ಬರು ಸಾಲಾಗಿ ನಿಲ್ಲಿಸುವರು. ಹಿಂದಿನವನನ್ನು ಮೆಲ್ಲಗೆ ತಳ್ಳಿದರೆ ಧಕ್ಕೆ ಒಬ್ಬೊಬ್ಬನ ಬೆನ್ನು ದಾಟಿ ಮುಂದಿನವನಿಗೆ ಮುಟ್ಟಿ ಅವನು ಮುಗ್ಗರಿಸುವನು. ಯಾವ ಹುಡುಗನೂ ತನ್ನ ಜಾಗ ಬಿಟ್ಟಿಲ್ಲ, ಧಕ್ಕೆ ಮಾತ್ರ ಹೋಗಿದೆ. ಗಾಳಿಯೂ ಹೀಗೇ ಒತ್ತುತ್ತ ಸಡಿಲಾಗುತ್ತ ಧ್ವನಿ ದಾಟಿಸುತ್ತದೆ, ಸಾಲಿನಲ್ಲಿ ಹುಡುಗರೇ ಇಲ್ಲದಿದ್ದರೆ ಧಕ್ಕೆ ಎಲ್ಲಿಂದ ಹೋಗಬೇಕು ಎಂದು ಕೇಳುವರು. ಗಾಳಿಗಿಂತ ನೀರಿನಲ್ಲಿ, ನೀರಿಗಿಂತ ಕಬ್ಬಿಣದಲ್ಲಿ ಧ್ವನಿ ವೇಗವಾಗಿ ಓಡುತ್ತದೆ ಎಂದು ಹೇಳಿ ಸ್ಟೇಶನ್ನಿಗೆ ಕರೆದೊಯ್ದು ಹಳಿಗೆ ಕಿವಿ ಹಚ್ಚಿಸಿದ್ದೂ ಉಂಟು. ಗಾಡಿ ಕಣ್ಣಿಗೆ ಬೀಳುವ ಮೊದಲೇ ಹುಡುಗರು ಬಂತು ಬಂತು ಎಂದು ಕುಣಿದರು. ಸ್ಟೇಶನ್ ಮಾಸ್ತರ ಬಂದು ಎಲ್ಲರನ್ನೂ ಬೈದ. ಅವನ ತುಟಿ ಬಹಳ ಬೇಗ ಆಡುತ್ತಿದ್ದುದರಿಂದ ನಮ್ಮ ಮಾಸ್ತರಿಗೆ ಏನೂ ತಿಳಿಯದೆ, ಹೊಗಳುತ್ತಿದ್ದಾನೆಂದು ಭಾವಿಸಿ ಕೈ ಮುಗಿದರು.

ಕಿವಿ ಪೂರ್ತಿ ಕೈಕೊಟ್ಟ ಮೇಲೆ ಅವರು ಪಾಟಿಯ ಪದ್ಧತಿ ತಂದರು. ಪ್ರಶ್ನೆ ಕೇಳಿದರೆ ಯಾರೂ ಬಾಯಿ ಬಿಡಬಾರದು, ಎಲ್ಲರೂ ಪಾಟಿಯ ಮೇಲೆ ಬಳಪದಿಂದ ಉತ್ತರ ಬರೆದು ತಲೆಯ ಮೇಲೆ ಎತ್ತಬೇಕು. ಹುಡುಗರೇನು ಕಡಿಮೆಯೇ? ಮಾಸ್ತರು ಹಲಗೆಯ ಕಡೆ ತಿರುಗಿದಾಗ ಕೋಳಿಯ ಹಾಗೆ ಕೂಗಲು ಶುರು ಮಾಡಿದರು. ತಟ್ಟಿಯ ಈ ಕಡೆ ನನಗೆ ರಕ್ತ ಕುದಿಯಿತು. ಹೋಗಿ ನಾಲ್ಕು ಜನರ ಕಿವಿ ಹಿಂಡಿ ಬಂದೆ. ಸಂಜೆ ಕೋಣೆಯಲ್ಲಿ ವಿಷಯ ತಿಳಿಸಿದಾಗ ಅವರಿಗೆ ಸಿಟ್ಟೇ ಬರಲಿಲ್ಲ. ಕೋಳಿಯಾದರೂ ಕೂಗಲಿ, ಕತ್ತೆಯಾದರೂ ಕೂಗಲಿ, ಪಾಟಿಯ ಮೇಲೆ ಉತ್ತರ ಸರಿ ಇದ್ದರೆ ಸಾಕು ಎಂದರು. ಕೆಲವು ದಿನಕ್ಕೆ ಹುಡುಗರಿಗೇ ಬೇಸರವಾಗಿ ಕೂಗುವುದು ಬಿಟ್ಟರು. ಬೈಯದ ಮಾಸ್ತರನ ಮುಂದೆ ಎಷ್ಟು ದಿನ ಕೋಳಿಯಾಗಿರುವುದು?

ಈ ಪಾಟಿಯೇ ಅವರಿಗೆ ಮುಳುವಾಯಿತು. ಶಾಲೆಗಳ ತಪಾಸಣೆ ಮಾಡುವ ಮೊಹತಮಿಮ್ ಸಾಹೇಬರು ಆ ವರ್ಷ ಬಂದರು. ಅವರು ಬರುವ ಹೊತ್ತಿಗೆ ನಾನು ಹುಡುಗರಿಂದ ಮಗ್ಗಿ ಹೇಳಿಸುತ್ತಿದ್ದೆ, ಮಾಡು ಹಾರಿಹೋಗುವ ಹಾಗೆ ಒದರುತ್ತಿದ್ದರು. ಸಾಹೇಬರು ಹಣೆ ಗಂಟಿಕ್ಕಿ ನನ್ನ ಕೋಣೆ ದಾಟಿ ಪಕ್ಕದ ಕೋಣೆಗೆ ಹೋದರು. ಅಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ಮಾಸ್ತರು ಹಗ್ಗ ಬೀಸಿ ಒಂದು ಪ್ರಶ್ನೆ ಕೇಳಿದರು, ಇಡೀ ತರಗತಿಯ ಪಾಟಿಗಳು ಮೇಲೆದ್ದವು. ಒಬ್ಬನೂ ಇನ್ನೊಬ್ಬನ ಬಾಯಿ ನೋಡಿ ಹೇಳುವಂತಿಲ್ಲ, ಹಿಂದೆ ಕೂತವನು ತಪ್ಪಿಸಿಕೊಳ್ಳುವಂತಿಲ್ಲ. ಸಾಹೇಬರು ಇಂಥದ್ದನ್ನು ತಮ್ಮ ಇಡೀ ನೌಕರಿಯಲ್ಲಿ ಕಂಡಿರಲಿಲ್ಲವಂತೆ. ಹೊರಗೆ ಬಂದು ನಮ್ಮ ಹೆಡ್ ಮಾಸ್ತರರ ಮುಂದೆ ಹೊಗಳಿದ್ದೇ ಹೊಗಳಿದ್ದು. ಮಗ್ಗಿ ಒದರಿಸುವ ಮಾಸ್ತರನಿಗೆ ಇದನ್ನು ನೋಡಿ ಕಲಿಯಲು ಹೇಳಿ ಎಂದು ನನಗೂ ಒಂದು ಮಾತು ಬಿತ್ತು.

ಸ್ವಲ್ಪ ದಿನಕ್ಕೆ ಹುಕುಂ ಬಂತು. ಗುರುಪಾದಪ್ಪ ಮಾಸ್ತರಿಗೆ ಬಡ್ತಿ. ಹೊಸ ಮಾಸ್ತರರಿಗೆ ತರಬೇತಿ ಕೊಡುವ ಶಾಲೆಗೆ ಹೋಗಬೇಕು. ಅಲ್ಲಿನ ಕೆಲಸವೆಂದರೆ ಕೋಣೆಯ ಹಿಂದೆ ಕೂತು, ಹೊಸಬರು ಪಾಠ ಮಾಡುವುದನ್ನು ದಿನವಿಡೀ ಕಿವಿಗೊಟ್ಟು ಕೇಳಿ ತಪ್ಪು ಹೇಳುವುದು. ಹೋಗುವ ಮೊದಲು ಸರಕಾರಿ ದವಾಖಾನೆಯಲ್ಲಿ ದೇಹಪರೀಕ್ಷೆ ಮಾಡಿಸಿ ಡಾಕ್ಟರರ ದಾಖಲೆ ತರಬೇಕು. ಬಡ್ತಿ ಬೇಡವೆಂದರೆ ಅಧಿಕಾರಿಗಳ ಮಾತು ಮೀರಿದಂತೆ, ಪರೀಕ್ಷೆಯಲ್ಲಿ ಸೋತರೆ ಇದ್ದ ಕೆಲಸವೂ ಹೋದಂತೆ. ಮಾಸ್ತರು ಹುಕುಂ ಓದಿ ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡು, ಅದೇ ಟೊಪ್ಪಿಗೆ ಹಾಕಿಕೊಂಡು ಪಾಠಕ್ಕೆ ಹೋದರು.

ಹೆಡ್ ಮಾಸ್ತರರು ಖಾಜಾ ಸಾಹೇಬರು, ಮೋಮಿನಪುರದವರು, ಹೊಟ್ಟೆಯಲ್ಲಿ ಕರುಣೆ ಇದ್ದವರು. ಅವರಿಗೆ ಎಲ್ಲ ಮೊದಲೇ ಗೊತ್ತಿತ್ತೆಂದು ಆ ದಿನ ನಮಗೆ ಗೊತ್ತಾಯಿತು. ಹೇಗಾದರೂ ದವಾಖಾನೆ ಒಂದು ದಾಟಿಬಿಡಿ, ಆಮೇಲೆ ಮನೆಯ ತಾಪತ್ರಯ ಹೇಳಿಸಿ ಇದೇ ಶಾಲೆಯಲ್ಲಿ ಉಳಿಸಿಕೊಳ್ಳುವ ಹೊಣೆ ನನ್ನದು ಎಂದರು. ಉಪಾಯವನ್ನು ನಾನೇ ಕಟ್ಟಿದೆ. ಡಾಕ್ಟರರು ಜೇಬುಗಡಿಯಾರವನ್ನು ಕಿವಿಯ ಹತ್ತಿರ ಹಿಡಿದು, ಟಿಕ್ ಟಿಕ್ ಕೇಳಿಸುವುದೇ ಎಂದು ಕೇಳುತ್ತಾರೆ. ನಾನು ಡಾಕ್ಟರರ ಬೆನ್ನ ಹಿಂದೆ ನಿಂತಿರುತ್ತೇನೆ. ನಾನು ಗಲ್ಲ ಕೆರೆದುಕೊಂಡಾಗ ಹೌದೆಂದರೆ ಮುಗಿಯಿತು. ಮಾಸ್ತರು ಒಪ್ಪಿದರು. ತರಗತಿ ಉಳಿಯುವುದಾದರೆ ಅವರು ಇನ್ನೂ ದೊಡ್ಡ ಸುಳ್ಳಿಗೂ ಒಪ್ಪುತ್ತಿದ್ದರು ಎಂದು ನನಗೆ ಅನಿಸಿತ್ತು.

ದವಾಖಾನೆಯಲ್ಲಿ ಬಿಸಿಲಿನ ಹೊತ್ತು, ಬಾಗಿಲ ತನಕ ರೋಗಿಗಳ ಸಾಲು. ಡಾಕ್ಟರರು ಆಗಲೇ ದಣಿದಿದ್ದರು. ಕಣ್ಣು, ಹಲ್ಲು, ಎದೆ ಎಲ್ಲ ನೋಡಿ ಕಡೆಗೆ ಜೇಬಿನಿಂದ ಗಡಿಯಾರ ತೆಗೆದರು. ನಾನು ಗಲ್ಲಕ್ಕೆ ಕೈ ಒಯ್ದೆ. ಅಷ್ಟರಲ್ಲಿ ಡಾಕ್ಟರರು ತಮ್ಮ ಎಡಗೈಯಿಂದ ಮಾಸ್ತರರ ಎರಡೂ ಕಣ್ಣು ಮುಚ್ಚಿಬಿಟ್ಟರು. ನನ್ನ ಉಪಾಯ ಅಲ್ಲಿಗೆ ಮಣ್ಣು ಮುಕ್ಕಿತು. ಕೈ ಗಲ್ಲದ ಮೇಲೇ ಉಳಿಯಿತು. ಸಾಲು ಬೇಗ ಸರಿಯಲೆಂದೋ ಏನೋ, ಡಾಕ್ಟರರು ಗಡಿಯಾರವನ್ನು ಗಾಳಿಯಲ್ಲಿ ಹಿಡಿಯದೆ ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದರು.

ಮಾಸ್ತರರ ಮುಖ ಬದಲಾಯಿತು. ಬಾಯಿ ಸ್ವಲ್ಪ ತೆರೆಯಿತು. "ಕೇಳಾಕತ್ತದ" ಎಂದರು, ಬಹಳ ಮೆಲ್ಲಗೆ. ಡಾಕ್ಟರರು ಕೈ ತೆಗೆದು, ಕಿವಿ ಚೆನ್ನಾಗಿವೆ ಎಂದು ಬರೆಯಲು ಕೂತರು. ನನಗೆ ಬಹಳ ಸಂತೋಷವಾಯಿತು. ಮಾಸ್ತರ ತೋಳು ಹಿಡಿದು ಬಾಗಿಲ ಕಡೆ ಎಳೆದೆ. ಅವರು ಬರಲಿಲ್ಲ.

"ಸಾಹೇಬ್ರ, ಅದು ಕಿವಿಯಿಂದ ಕೇಳಿದ್ದಲ್ರಿ. ಎಲುಬಿನಾಗ ಹಾದು ಬಂತು. ನನ್ನ ಕಿವಿ ಹೋಗಿ ಭಾಳ ವರ್ಷ ಆತು" ಎಂದರು.

ಡಾಕ್ಟರರು ಲೇಖನಿ ಎತ್ತಿ ನೋಡಿದರು. ಅವರೂ ಕೆಟ್ಟವರಲ್ಲ, ಸಾಕು ಹೋಗಿ ಎಂಬಂತೆ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಮಾಸ್ತರಿಗೆ ಆ ಸನ್ನೆ ಕಾಣಲಿಲ್ಲ. ಮೇಜಿನ ಮೇಲಿನ ಗಡಿಯಾರ ಎತ್ತಿಕೊಂಡು, ಡಾಕ್ಟರರಿಗೆ ಎರಡೂ ಕಿವಿಯಲ್ಲಿ ಬೆರಳು ಇಟ್ಟುಕೊಳ್ಳಲು ಹೇಳಿ ಹಣೆಗೆ ಗಡಿಯಾರ ಒತ್ತಿದರು. ಡಾಕ್ಟರರು ತಲೆಯಾಡಿಸಿದರು. ಹಿಂದಿದ್ದ ಮುದುಕಿಯ ಹಣೆಗೆ ಒತ್ತಿದರು. ಅವಳ ಹಿಂದೆ ಕಾಲಿಗೆ ಪಟ್ಟಿ ಕಟ್ಟಿಕೊಂಡ ಹಮಾಲನ ಹಣೆಗೆ. ಗಾಳಿ ಸಡಿಲು, ಎಲುಬು ಗಟ್ಟಿ, ಗಟ್ಟಿ ವಸ್ತುವಿನಲ್ಲಿ ಧ್ವನಿಯ ತೆರೆ ಹೇಗೆ ಓಡುತ್ತದೆಂದು ಉರ್ದುವಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಹೇಳುತ್ತ ಸಾಲಿನ ಕೊನೆಯ ತನಕ ಹೋದರು. ಜನ ತಮ್ಮ ಬೇನೆ ಮರೆತು ಕಿವಿ ಮುಚ್ಚಿಕೊಂಡು ನಿಂತಿದ್ದರು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಅಷ್ಟು ಜನರ ಮುಂದೆ ಇವರ ಕಿವಿ ಕೇಳುವುದಿಲ್ಲ ಎಂದು ಸಾಬೀತಾದ ಮೇಲೆ ಡಾಕ್ಟರರು ತಾನೇ ಏನು ಮಾಡಿಯಾರು? ಬರೆದದ್ದನ್ನು ಹೊಡೆದು ಹಾಕಿದರು. ಬೇರೆ ಬರೆಯುವಾಗ ಅವರ ಮುಖದಲ್ಲೂ ಬೇಸರವಿತ್ತು.

ತಿಂಗಳು ತುಂಬುವುದರೊಳಗೆ ಮಾಸ್ತರರ ನೌಕರಿ ಹೋಯಿತು. ನಾನು ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಅಷ್ಟು ಸಿಟ್ಟು ನನಗೆ. ಖಾಜಾ ಸಾಹೇಬರು ಇಂಥ ಸತ್ಯವಂತರನ್ನು ಕಂಡಿಲ್ಲ ಎಂದು ಕಣ್ಣು ಒರೆಸಿಕೊಂಡರು, ಊರಲ್ಲೂ ಅದೇ ಮಾತು ಹಬ್ಬಿತು. ಸತ್ಯ ಹೇಳಿ ಇವರು ಬಂಡಿ ಹತ್ತಿ ಕಮಲಾಪುರಕ್ಕೆ ಹೋದರು, ವಿಜ್ಞಾನದ ಪಾಠ ನನ್ನ ಕೊರಳಿಗೆ ಬಿತ್ತು. ಲೆಕ್ಕದ ಜೊತೆಗೆ ಅದನ್ನೂ ಎಳೆದೆ. ವ್ಯಾಖ್ಯೆ ಬರೆಯಿಸಿದೆ, ಒಪ್ಪಿಸಿಕೊಂಡೆ. ಹಗ್ಗ ಕಟ್ಟುವಷ್ಟು ಚೈತನ್ಯ ನನ್ನಲ್ಲಿರಲಿಲ್ಲ. ಹುಡುಗರು ಪಾಸಾದರು, ತೆರೆ ಎಂದರೆ ಏನೆಂದು ಅವರಿಗೆ ತಿಳಿಯಿತೆಂದು ನನಗೆ ಅನಿಸುವುದಿಲ್ಲ.

ಬಹಳ ದಿನದ ಮೇಲೆ ಒಂದು ಮದುವೆಗೆಂದು ಕಮಲಾಪುರಕ್ಕೆ ಹೋದವನು ಅವರ ಅಣ್ಣನ ತೋಟಕ್ಕೆ ಹೋದೆ. ಎತ್ತುಗಳು ಬಾವಿಯಿಂದ ನೀರು ಎಳೆಯುತ್ತಿದ್ದವು. ಗಾಲಿ ಹೊತ್ತ ಮರದ ಕಂಬಕ್ಕೆ ಹಣೆ ಹಚ್ಚಿ, ಕಣ್ಣು ಮುಚ್ಚಿ ಮಾಸ್ತರು ಕೂತಿದ್ದರು. ಅಳುತ್ತಿದ್ದಾರೆಂದು ನನಗೆ ಸಂಕಟವಾಯಿತು. ಹೆಗಲು ಮುಟ್ಟಿದೆ. ತಿರುಗಿ ನೋಡಿ ನಕ್ಕರು. ಗಾಲಿ ಕಿರುಗುಟ್ಟುವುದನ್ನು ಕೇಳುತ್ತಿದ್ದರಂತೆ. ಎಣ್ಣೆ ಹಾಕಬೇಡಿ ಎಂದು ಅಣ್ಣನ ಜೊತೆ ದಿನವೂ ಜಗಳವಂತೆ.

ಬಾಳೆಯ ನೆರಳಲ್ಲಿ ಕೂತೆವು. ಈಗ ಅವರಿಗೆ ತುಟಿ ಓದುವುದೂ ಕಷ್ಟವಾಗಿತ್ತು, ಕಣ್ಣು ಮಂಜಾಗಿದ್ದವು. ನಾನು ಹಸಿ ಮಣ್ಣಿನ ಮೇಲೆ ಕಡ್ಡಿಯಿಂದ ದೊಡ್ಡದಾಗಿ ಬರೆದೆ. ಅಷ್ಟು ವರ್ಷ ನನ್ನ ಎದೆಯಲ್ಲಿ ಕೂತಿದ್ದ ಪ್ರಶ್ನೆ ಒಂದೇ: ಅವತ್ತು ಯಾಕೆ ಹೇಳಿದಿರಿ? ಬಾಗಿ ಓದಿದರು.

"ಎಲ್ಲಾರೂ ನನಗ ಸತ್ಯವಂತ ಅಂತಾರ್ರಿ ಲೆಕ್ಕದವರ. ನಾ ಸತ್ಯ ಹೇಳಬೇಕಂತ ಹೇಳಿದ್ದಲ್ಲ. ಎಲುಬಿನಾಗ ಧ್ವನಿ ಹಾಯ್ತದಂತ ಪುಸ್ತಕದಾಗ ಓದಿದ್ದೆ. ನನ್ನ ಮ್ಯಾಲ ಒಮ್ಮೆನೂ ಮಾಡಿ ನೋಡಿದ್ದಿಲ್ಲ. ಅದೂ ಕೇಳಲಿಲ್ಲಂದ್ರ ಏನು ಮಾಡಲಿ ಅಂತ ಹೆದರಿಕಿ. ಅವತ್ತ ಕೇಳಿಸ್ತು ನೋಡ್ರಿ. ಪುಸ್ತಕದಾಗಿದ್ದದ್ದು ಖರೇ ಅದ ಅಂತ ಖುಷಿ ಆಗಿಬಿಡ್ತು. ನೌಕರಿ ನೆನಪಾಗಲಿಲ್ಲ, ನೀವೂ ನೆನಪಾಗಲಿಲ್ಲ. ಯಾರಿಗಾದ್ರೂ ಹೇಳಬೇಕಿತ್ತು, ಡಾಕ್ಟರ ಎದುರಿಗಿದ್ರು."

ಬಂಡಿಯ ಹೊತ್ತಾಗಿತ್ತು, ಎದ್ದು ಬಂದೆ. ಮತ್ತೆ ನಾನು ಆ ಕಡೆ ಹೋಗಲಿಲ್ಲ. ಮಾಸ್ತರು ತೀರಿಕೊಂಡ ಸುದ್ದಿಯನ್ನು ಸ್ಟೇಶನ್ ಬಜಾರಕ್ಕೆ ಬಾಳೆಹಣ್ಣು ತರುವವನೊಬ್ಬ ಹೇಳಿದ, ಅದೂ ಮಣ್ಣಾಗಿ ಎಷ್ಟೋ ದಿನವಾದ ಮೇಲೆ. ಈಗಲೂ ಹಳಬರು ಅವರ ಸತ್ಯದ ಕಥೆ ಹೇಳುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ನೌಕರಿ ಮುಗಿಯುವ ತನಕ ನಾನು ಮಗ್ಗಿ ಹೇಳಿಸಿದೆ, ಲೆಕ್ಕ ಬಿಡಿಸಿದೆ, ಎಲ್ಲವೂ ಪುಸ್ತಕದಲ್ಲಿ ಇದ್ದ ಹಾಗೇ ಸರಿಯಾಗಿ ಬರುತ್ತಿತ್ತು. ಒಂದು ದಿನವೂ ನನಗೆ ಅದರಿಂದ ಖುಷಿಯಾಗಲಿಲ್ಲ.